ಗ್ರಹಣಕ್ಕೆ ಕೊಟ್ಟ ಫಿಲ್ಮು

ಡಬ್ಬಿಯ ಮುಚ್ಚಳ ತೆಗೆದೊಡನೆ ಹುಳಿ ವಾಸನೆ ಬಂತು. “ಉಪ್ಪಿನಕಾಯಿ ಕೆಟ್ಟೈತಿ ನೋಡ, ಹೊರಗ ಇಡು” ಎಂದಳು ಅವ್ವ.

ಸೋರುವ ಮಾಳಿಗೆ ರಿಪೇರಿ ಮಾಡಿಸಲೆಂದು ಗದಗ ಹತ್ತಿರದ ನಮ್ಮೂರಿನ ಹಳೇ ಮನೆಯನ್ನು ಖಾಲಿ ಮಾಡುತ್ತಿದ್ದೆವು. ಅಟ್ಟದ ಮೇಲೆ, ಜೋಳದ ಖಾಲಿ ಚೀಲಗಳ ಹಿಂದೆ, ಆ ತಗಡಿನ ಡಬ್ಬಿ ಇತ್ತು. ಒಳಗೆ ಉಪ್ಪಿನಕಾಯಿ ಇರಲಿಲ್ಲ. ಹಳದಿಗಟ್ಟಿದ ಲಕೋಟೆಗಳಲ್ಲಿ ಫೋಟೋ ಫಿಲ್ಮಿನ ಪಟ್ಟಿಗಳಿದ್ದವು. ಒಂದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದೆ. ಕಪ್ಪು ಮುಖ, ಬಿಳಿ ಕೂದಲಿನ ನಾಲ್ಕೈದು ಜನ ಸಾಲಾಗಿ ನಿಂತಿದ್ದರು. ಯಾರೆಂದು ಗೊತ್ತಾಗಲಿಲ್ಲ.

ಅಂಗಳದಲ್ಲಿ ಗೌಂಡಿಯ ಜೊತೆ ಮಾತಾಡುತ್ತಿದ್ದ ಅಪ್ಪ ನನ್ನ ಕೈಯಲ್ಲಿದ್ದುದನ್ನು ನೋಡಿದ. “ಅದನ್ನ ಇದ್ದಲ್ಲೇ ಇಡು” ಎಂದ.

“ಮಾಳಗಿ ಬಿಚ್ಚತಾರಪ್ಪ, ಇದ್ದಲ್ಲೇ ಎಲ್ಲಿ ಇಡಲಿ?”

ಅವನು ಉತ್ತರ ಕೊಡಲಿಲ್ಲ. ಬೇಡವೆಂದೂ ಅನ್ನಲಿಲ್ಲ. ನಾನು ಡಬ್ಬಿಯನ್ನು ಧಾರವಾಡಕ್ಕೆ ತಂದೆ.

ಆ ವಾಸನೆ ಏನೆಂದು ತಿಳಿದದ್ದು ಆಮೇಲೆ. ಆ ಕಾಲದ ಫಿಲ್ಮಿನ ಹಾಳೆ ಸೆಲ್ಯುಲೋಸ್ ಅಸಿಟೇಟ್ ಎಂಬ ಪದಾರ್ಥದ್ದು. ಸೆಕೆ ಮತ್ತು ತೇವದಲ್ಲಿ ವರ್ಷಗಟ್ಟಲೆ ಇದ್ದರೆ ಅದು ಒಡೆಯತೊಡಗಿ ಅಸಿಟಿಕ್ ಆಮ್ಲ ಬಿಡುತ್ತದೆ. ವಿನೆಗರ್‌ನಲ್ಲಿ ಇರುವುದೂ ಅದೇ ಆಮ್ಲ. ಒಮ್ಮೆ ಶುರುವಾದರೆ ಇದು ನಿಲ್ಲುವುದಿಲ್ಲ. ಹುಟ್ಟಿದ ಆಮ್ಲವೇ ಫಿಲ್ಮನ್ನು ಇನ್ನಷ್ಟು ಕೆಡಿಸುತ್ತದೆ, ಪಕ್ಕದ ಪಟ್ಟಿಗೂ ತಗಲುತ್ತದೆ. ಹಾಳೆ ಕುಗ್ಗುತ್ತದೆ, ಅದರ ಮೇಲೆ ಚಿತ್ರ ಹೊತ್ತ ಜಿಲೆಟಿನ್ ಪದರ ಕುಗ್ಗಲಾರದೆ ಸುಕ್ಕುಗಟ್ಟಿ ಎದ್ದು ಬರುತ್ತದೆ. ಗಾಳಿಯಾಡದ ಡಬ್ಬಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಜೋಪಾನ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದೇ ಈ ಫಿಲ್ಮನ್ನು ತಿನ್ನುತ್ತಿತ್ತು. ತಂಪಾದ, ಒಣ ಜಾಗದಲ್ಲಿಟ್ಟರೆ ಕೆಡುವುದು ನಿಧಾನವಾಗುತ್ತದೆ, ಅಷ್ಟೇ. ಮಾಡಬಹುದಾದದ್ದು ಒಂದೇ: ಪೂರ್ತಿ ಹಾಳಾಗುವ ಮುಂಚೆ ನಕಲು ತೆಗೆದುಕೊಳ್ಳುವುದು.

ಪೇಟೆಯ ಒಂದು ಸ್ಟುಡಿಯೋದಲ್ಲಿ ವಿಚಾರಿಸಿದೆ. “ಅಕ್ಕಾರ, ಈಗ ನೆಗೆಟಿವ್ ಯಾರೂ ಮುಟ್ಟೂದಿಲ್ಲ. ನಮ್ಮವೂ ಬೆಳ್ಳಿ ತಗಿಯೋರಿಗೆ ತೂಕಕ್ಕ ಹಾಕಿದ್ವಿ” ಎಂದ ಹುಡುಗ. ಕಪ್ಪು ಬಿಳುಪು ಫಿಲ್ಮಿನಲ್ಲಿ ಚಿತ್ರವಾಗಿ ನಿಂತಿರುವುದು ಬೆಳ್ಳಿಯ ಸಣ್ಣ ಕಣಗಳು. ಅವನ್ನು ತೊಳೆದು ತೆಗೆಯುವವರು ಹಳೇ ನೆಗೆಟಿವ್‌ಗಳನ್ನೂ ಎಕ್ಸ್‌ರೇ ಹಾಳೆಗಳನ್ನೂ ಕೊಳ್ಳುತ್ತಾರೆ. ಎಷ್ಟು ಮದುವೆ, ಎಷ್ಟು ತೊಟ್ಟಿಲು ಹಾಗೆ ಕರಗಿ ಗಟ್ಟಿ ಬೆಳ್ಳಿಯಾದವೋ. ಫಿಲ್ಮ್ ಸ್ಕ್ಯಾನ್ ಮಾಡುವ ಯಂತ್ರದ ಬೆಲೆ ನೋಡಿದರೆ ನನ್ನ ಒಂದು ತಿಂಗಳ ಸಂಬಳಕ್ಕೆ ಹತ್ತಿರವಿತ್ತು. ಹಾಗಾಗಿ ಮನೆಯಲ್ಲಿ ಇದ್ದುದರಲ್ಲೇ ಮಾಡಿಕೊಳ್ಳಲು ಕೂತೆ.

ಮೊದಲು ಮಗಳ ಟ್ಯಾಬ್ಲೆಟ್‌ನಲ್ಲಿ ಖಾಲಿ ಬಿಳಿ ಪುಟ ತೆರೆದು, ಅದರ ಮೇಲೆ ಫಿಲ್ಮ್ ಇಟ್ಟು ಮೊಬೈಲಿನಿಂದ ಫೋಟೋ ತೆಗೆದೆ. ಚಿತ್ರದ ತುಂಬ ಸೊಳ್ಳೆಪರದೆ ಹೊದಿಸಿದಂತೆ ಸಣ್ಣ ಚೌಕಗಳು. ಪರದೆಯ ಚುಕ್ಕಿಗಳು ಅವು. ಫಿಲ್ಮನ್ನು ಪರದೆಯಿಂದ ಎರಡು ಬೆರಳಿನಷ್ಟು ಮೇಲೆತ್ತಿದರೆ ಚುಕ್ಕಿಗಳು ಮಸುಕಾಗಿ ಮಾಯವಾಗುತ್ತವೆ. ಆದರೆ ಬೆಳಕು ಸಾಲದಾಯಿತು. ಕೊನೆಗೆ ಎಲೆಕ್ಟ್ರಿಕ್ ಅಂಗಡಿಯಿಂದ ಛಾವಣಿಗೆ ಹಾಕುವ ಚೌಕದ ಎಲ್‌ಇಡಿ ಪ್ಯಾನೆಲ್ ತಂದೆ, ನಾಲ್ಕು ನೂರ ಐವತ್ತು ರೂಪಾಯಿ. ಬೋರ್ಡ್ ಬರೆಯುವವರ ಹತ್ತಿರ ಹಾಲು ಬಣ್ಣದ ಅಕ್ರಿಲಿಕ್ ಹಾಳೆಯ ತುಂಡು, ನೂರಿಪ್ಪತ್ತು. ಧೂಳು ಊದಲು ಔಷಧಿ ಅಂಗಡಿಯ ರಬ್ಬರ್ ಬುರುಡೆ, ಅರವತ್ತು. ಮೊಬೈಲ್ ಅಲುಗದಂತೆ ನಿಲ್ಲಿಸುವ ಸ್ಟ್ಯಾಂಡ್ ಬಚ್ಚಲಮನೆಯಲ್ಲೇ ಸಿಕ್ಕಿತು. ಕೂತು ಸ್ನಾನ ಮಾಡುವ ಕುಳ್ಳ ಪ್ಲಾಸ್ಟಿಕ್ ಸ್ಟೂಲಿನ ನಡುವೆ ಎತ್ತಲೆಂದು ಒಂದು ತೂತು ಇರುತ್ತದಲ್ಲ, ಅದರ ಮೇಲೆ ಮೊಬೈಲ್ ಮಲಗಿಸಿದರೆ ಕ್ಯಾಮೆರಾದ ಕಣ್ಣು ಸರಿಯಾಗಿ ತೂತಿಗೆ ಬರುತ್ತದೆ. ಸ್ಟೂಲಿನ ಕೆಳಗೆ ಪುಸ್ತಕ, ಪುಸ್ತಕದ ಮೇಲೆ ಪ್ಯಾನೆಲ್, ಅದರಿಂದ ಸ್ವಲ್ಪ ಎತ್ತರದಲ್ಲಿ ಅಕ್ರಿಲಿಕ್, ಅದರ ಮೇಲೆ ಫಿಲ್ಮ್. ಪುಸ್ತಕ ಹೆಚ್ಚು ಕಡಿಮೆ ಮಾಡಿದರೆ ಅಂತರ ಹೊಂದುತ್ತದೆ.

ಸುರುಳಿ ಸುತ್ತಿಕೊಳ್ಳುವ ಫಿಲ್ಮನ್ನು ಚಪ್ಪಟೆ ಮಾಡುವುದೇ ದೊಡ್ಡ ತಲೆನೋವು. ಗಾಜು ಒತ್ತಿದೆ. ಗಾಜಿಗೂ ಫಿಲ್ಮಿಗೂ ನಡುವೆ ಉಳಿದ ತೆಳು ಗಾಳಿಯಿಂದಾಗಿ ನೀರಿನ ಮೇಲೆ ಎಣ್ಣೆ ಚೆಲ್ಲಿದಂತೆ ಉಂಗುರಗಳು ಮೂಡಿದವು. ನ್ಯೂಟನ್ ಉಂಗುರಗಳು ಎಂದು ಪಿಯುಸಿಯಲ್ಲಿ ಓದಿ ಮರೆತದ್ದು ಹೀಗೆ ಎದುರಾಯಿತು. ಗಾಜು ಬಿಟ್ಟು ದಪ್ಪ ರಟ್ಟಿನಲ್ಲಿ ಐದೂವರೆ ಸೆಂಟಿಮೀಟರಿನ ಚೌಕ ಕಿಟಕಿ ಕತ್ತರಿಸಿ, ಅಂಥ ಎರಡು ರಟ್ಟಿನ ನಡುವೆ ಫಿಲ್ಮ್ ಜಾರಿಸಿದೆ. ಮನೆಯಲ್ಲಿ ಸಿಕ್ಕ ಒಳ್ಳೆಯ ರಟ್ಟೆಂದರೆ ಯಾರದೋ ಲಗ್ನಪತ್ರಿಕೆಯದು.

ರಾತ್ರಿ ಎಲ್ಲ ದೀಪ ಆರಿಸಿ ಕೂತರೆ ಹೊರಗಿನ ಬೆಳಕು ಫಿಲ್ಮಿನ ಮೇಲೆ ಪ್ರತಿಫಲಿಸುವುದಿಲ್ಲ. ಬಟನ್ ಒತ್ತುವಾಗ ಅಲುಗದಂತೆ ಮೂರು ಸೆಕೆಂಡಿನ ಟೈಮರ್. ಮೊದಲ ಚಿತ್ರಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟೆಗಳು ಬಂದವು. ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ ಐವತ್ತು ಆವರ್ತನದ್ದು, ಅಗ್ಗದ ಎಲ್‌ಇಡಿ ಅದರೊಂದಿಗೆ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ನಮ್ಮ ಕಣ್ಣಿಗೆ ಕಾಣದ್ದು ಕ್ಯಾಮೆರಾಕ್ಕೆ ಕಾಣುತ್ತದೆ. ಮೊಬೈಲಿನ ಪ್ರೊ ಮೋಡಿಗೆ ಹೋಗಿ ಶಟರನ್ನು ಐವತ್ತರಲ್ಲಿ ಒಂದು ಸೆಕೆಂಡಿಗೆ ಇಳಿಸಿದ ಮೇಲೆ ಪಟ್ಟೆಗಳು ಹೋದವು.

ಇನ್ನು ಉಳಿದದ್ದು ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡುವುದು. ಪುಕ್ಕಟೆ ಸಿಗುವ ಗಿಂಪ್ ತಂತ್ರಾಂಶದಲ್ಲಿ ಅದು ಒಂದೇ ಕ್ಲಿಕ್ಕಿನ ಕೆಲಸ. ಒತ್ತಿದೆ. ಅಜ್ಜ ಬಂದ. ರುಮಾಲು, ಕೋಲು, ಹುಬ್ಬು ಗಂಟಿಕ್ಕಿದ ಮುಖ. ತೀರಿಕೊಂಡು ಮೂವತ್ತು ವರ್ಷಗಳಾಗುತ್ತ ಬಂದ ಮನುಷ್ಯ ಇಷ್ಟೊತ್ತಿನಲ್ಲಿ ಯಾಕೆ ಎಬ್ಬಿಸಿದೆ ಎಂಬಂತೆ ನನ್ನನ್ನೇ ನೋಡುತ್ತಿದ್ದ. ಅವನ ಎಡಭಾಗದಲ್ಲಿ, ನಾನು ಎಂದೂ ನೋಡಿರದ ಒಬ್ಬ ಹುಡುಗಿ ನಗುತ್ತಿದ್ದಳು.

ನಮ್ಮ ಮನೆಯ ಆಲ್ಬಮ್ಮಿನ ಬಗ್ಗೆ ಇಲ್ಲಿ ಹೇಳಬೇಕು. ಕಪ್ಪು ಹಾಳೆಯ ಆ ಆಲ್ಬಮ್ಮಿನಲ್ಲಿ ಅಂಗೈಯೊಳಗೆ ಹಿಡಿಯುವಷ್ಟು ಸಣ್ಣ ಚೌಕ ಫೋಟೋಗಳಿದ್ದವು. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರನಾದ ಹೊಸತರಲ್ಲಿ, 1974ರಲ್ಲಿ, ಆಗ್ಫಾ ಕ್ಲಿಕ್ III ಕ್ಯಾಮೆರಾ ಕೊಂಡಿದ್ದ. ಬಡೋದೆಯಲ್ಲಿ ತಯಾರಾಗುತ್ತಿದ್ದ ಆ ಡಬ್ಬಿ ಕ್ಯಾಮೆರಾ ಆಗ ನಮ್ಮಂಥವರ ಕೈಗೆಟುಕುತ್ತಿತ್ತು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಹಿಂದಿನ ಕೆಂಪು ಕಿಂಡಿಯಲ್ಲಿ ಅಂಕಿ ಕಾಣುವವರೆಗೆ ಫಿಲ್ಮ್ ತಿರುಗಿಸಬೇಕು. ಬಿಸಿಲು ಬೆನ್ನ ಹಿಂದೆ ಇರಬೇಕು. ನೆಗೆಟಿವ್ಹೇ ದೊಡ್ಡದಾದ್ದರಿಂದ ಅದನ್ನು ಕಾಗದದ ಮೇಲೆ ನೇರವಾಗಿ ಇಟ್ಟು, ಅದೇ ಅಳತೆಯ ಕಾಂಟ್ಯಾಕ್ಟ್ ಪ್ರಿಂಟ್ ತೆಗೆಸುವುದು ಅಗ್ಗ. ನಮ್ಮ ಆಲ್ಬಮ್ಮಿನವು ಅಂಥವೇ.

ಅದರಲ್ಲಿ ಕೆಲವು ಫೋಟೋಗಳು ಚೌಕವಾಗಿರಲಿಲ್ಲ. ಒಂದು ಬದಿಯಿಂದ ನೇರ ಕತ್ತರಿಸಿದ್ದವು. ಅಜ್ಜಿ ಕೂತ ಒಂದು ಚಿತ್ರದಲ್ಲಿ ಅವಳ ಹೆಗಲ ಮೇಲೆ ಬಳೆ ತೊಟ್ಟ ಒಂದು ಕೈ ಮಾತ್ರ ಇತ್ತು. ಚಿಕ್ಕಂದಿನಲ್ಲಿ “ಈ ಕೈ ಯಾರದು?” ಎಂದು ಕೇಳಿದ್ದೆ. “ಫೋಟೋ ಹರದಿತ್ತು, ಕತ್ತರಿಸೇವಿ” ಎಂದಿದ್ದರು. ಹರಿದ ಫೋಟೋ ಅಷ್ಟು ನೆಟ್ಟಗೆ ಹರಿಯುವುದಿಲ್ಲ ಎಂದು ತಿಳಿಯುವ ವಯಸ್ಸು ಬರುವಷ್ಟರಲ್ಲಿ, ಕೇಳಬಾರದು ಎಂಬುದೂ ತಿಳಿದಿತ್ತು. ಊರಿನ ಮುದುಕಿಯರು ನನ್ನನ್ನು ನೋಡಿ “ಇದು ಥೇಟ್...” ಎಂದು ಶುರು ಮಾಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಆ ವಾಕ್ಯವನ್ನು ನನ್ನೆದುರು ಯಾರೂ ಮುಗಿಸಿರಲಿಲ್ಲ.

ನನಗೊಬ್ಬಳು ಅತ್ತೆ ಇದ್ದಾಳೆ, 1979ರಲ್ಲಿ ಬೇರೆ ಜಾತಿಯವನನ್ನು ಮದುವೆಯಾಗಿ ಸೊಲ್ಲಾಪುರಕ್ಕೆ ಹೋದಳು, ಅಜ್ಜ ಆ ದಿನ ತಲೆಯ ಮೇಲೆ ನೀರು ಸುರಿದುಕೊಂಡು ಅವಳನ್ನು ಸತ್ತವಳ ಲೆಕ್ಕಕ್ಕೆ ಹಾಕಿದ ಎಂಬುದು ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ, ಅದೂ ಹೊರಗಿನವರಿಂದ. ಕೆಲವು ವರ್ಷಗಳ ಹಿಂದೆ ಅವಳ ಮಗ ಹೇಗೋ ನನ್ನನ್ನು ಹುಡುಕಿ ಮೆಸೇಜ್ ಮಾಡಿದ. ಅಂದಿನಿಂದ ನಾವಿಬ್ಬರು ಯುಗಾದಿ ದೀಪಾವಳಿಗೆ ಶುಭಾಶಯ ಕಳಿಸಿಕೊಳ್ಳುತ್ತೇವೆ. ನಮ್ಮ ಹಿರಿಯರಿಗೆ ಹೇಳಿಲ್ಲ. ನನ್ನ ಧೈರ್ಯದ ಅಳತೆ ಅಷ್ಟೇ ಇತ್ತು.

ಆ ರಾತ್ರಿ ಆಲ್ಬಮ್ಮಿನಿಂದ ಅಜ್ಜಿಯ ಕತ್ತರಿಸಿದ ಫೋಟೋ ತೆಗೆದು, ಅದರ ನೆಗೆಟಿವ್ ಹುಡುಕಿ, ಬೆಳಕಿನ ಹಾಳೆಯ ಮೇಲೆ ಒಂದರ ಮೇಲೊಂದು ಇಟ್ಟೆ. ಅಳತೆ ಒಂದೇ ಆದ್ದರಿಂದ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತವು. ಕಾಗದ ಮುಗಿದಲ್ಲಿಂದ ಫಿಲ್ಮು ಮುಂದುವರಿದಿತ್ತು. ಬಳೆಯ ಕೈಗೆ ತೋಳು, ತೋಳಿಗೆ ಹೆಗಲು, ಹೆಗಲಿಗೆ ಎರಡು ಜಡೆ, ಹಿಂದೆ ದನದ ಕೊಟ್ಟಿಗೆಯ ಬಾಗಿಲು. ಕತ್ತರಿ ಕಾಗದವನ್ನಷ್ಟೇ ಮುಟ್ಟಿತ್ತು.

ಡಬ್ಬಿಯಲ್ಲಿದ್ದದ್ದು ಏಳು ಸುರುಳಿಗಳ ಕಪ್ಪು ಬಿಳುಪು ಫಿಲ್ಮು, ಎಂಬತ್ತನಾಲ್ಕು ಚಿತ್ರ. ಅಂಚಿನಲ್ಲಿ ಕೆಲವಕ್ಕೆ ಪೂರ್ವ ಜರ್ಮನಿಯ ಓರ್ವೋ ಹೆಸರಿತ್ತು, ಕೆಲವಕ್ಕೆ ನಮ್ಮದೇ ಊಟಿಯ ‘ಇಂದು’. ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಆ ಸರಕಾರಿ ಕಾರ್ಖಾನೆ ಈಗ ಮುಚ್ಚಿದೆ. ಎಂಬತ್ತನಾಲ್ಕರಲ್ಲಿ ಒಂಬತ್ತು ಪೂರ್ತಿ ಹಾಳಾಗಿದ್ದವು, ಜಿಲೆಟಿನ್ ಒಣಗಿದ ಕೆರೆಯ ಮಣ್ಣಿನಂತೆ ಬಿರಿದಿತ್ತು. ಬೂಸ್ಟು ಹಿಡಿದವನ್ನು ನೀರಿನಿಂದ ಒರೆಸಬಾರದು, ಬೂಸ್ಟು ಜಿಲೆಟಿನ್ನನ್ನು ಮೊದಲೇ ತಿಂದು ಮೆತ್ತಗೆ ಮಾಡಿರುತ್ತದೆ, ಚಿತ್ರವೂ ಒರೆಸಿ ಹೋಗುತ್ತದೆ. ಒಂದನ್ನು ಕಳೆದುಕೊಂಡು ಇದನ್ನು ಕಲಿತೆ. ಉಳಿದವುಗಳಲ್ಲಿ ಹತ್ತೊಂಬತ್ತರಲ್ಲಿ ಅತ್ತೆ ಇದ್ದಳು. ಆಲ್ಬಮ್ಮಿನಲ್ಲಿ ಕತ್ತರಿಸಿದ ಫೋಟೋಗಳು ಆರು ಮಾತ್ರ. ಉಳಿದ ಹದಿಮೂರನ್ನು ಪೂರಾ ತೆಗೆದುಹಾಕಿರಬೇಕು, ಅಥವಾ ಪ್ರಿಂಟೇ ಮಾಡಿಸಿರಲಿಲ್ಲ.

ಡಬ್ಬಿಯ ತಳದಲ್ಲಿ ಎರಡು ಬಣ್ಣದ ಸುರುಳಿಗಳೂ ಇದ್ದವು, ಯಾರೋ ಆಮೇಲೆ ತಂದು ಸೇರಿಸಿದ್ದು, ನನ್ನ ಕಾಲೇಜು ದಿನಗಳವು. ಬಣ್ಣದ ನೆಗೆಟಿವ್ ಪೂರ್ತಿ ಕಿತ್ತಳೆ ಬಣ್ಣಕ್ಕಿರುತ್ತದೆ. ಫಿಲ್ಮಿನ ಬಣ್ಣಗಳಲ್ಲಿರುವ ಕೊರತೆಯನ್ನು ಸರಿದೂಗಿಸಲು ತಯಾರಕರೇ ಸೇರಿಸಿದ ಬಣ್ಣ ಅದು. ಹಾಗೇ ತಿರುಗಿಸಿದರೆ ಎಲ್ಲರೂ ನೀಲಿ ಹಿಡಿದು ಹೆಣದಂತೆ ಕಾಣುತ್ತಾರೆ. ಚಿತ್ರವಿಲ್ಲದ ಅಂಚಿನ ಬಣ್ಣವನ್ನು ಗುರುತಿಸಿ, ಕೆಂಪು ಹಸಿರು ನೀಲಿಯನ್ನು ಬೇರೆ ಬೇರೆ ಸರಿಹೊಂದಿಸಬೇಕು. ಒಂದು ಸಂಜೆ ಪೂರ್ತಿ ಗುದ್ದಾಡಿ ನನ್ನದೊಂದು ಚಿತ್ರವನ್ನು ಸರಿಮಾಡಿದೆ. ಇಪ್ಪತ್ತು ವರ್ಷದ ನಾನು ಊರಿನ ಮನೆಯ ಹೊಸ್ತಿಲ ಮೇಲೆ ನಿಂತಿದ್ದೆ. ಅದೇ ಹೊಸ್ತಿಲ ಮೇಲೆ ಅತ್ತೆ ನಿಂತ ಕಪ್ಪು ಬಿಳುಪು ಚಿತ್ರವನ್ನು ಪಕ್ಕಕ್ಕೆ ಇಟ್ಟೆ. ಮುದುಕಿಯರ ಅರ್ಧ ವಾಕ್ಯ ಪೂರ್ತಿಯಾಯಿತು.

ದೀಪಾವಳಿಗೆ ಅವ್ವ ಅಪ್ಪ ಧಾರವಾಡಕ್ಕೆ ಬಂದಾಗ ಏನು ಮಾಡಬೇಕೆಂದು ತಿಳಿಯಲಿಲ್ಲ. ಅಪ್ಪ ಮಲಗಿದ ಮೇಲೆ ಲ್ಯಾಪ್‌ಟಾಪ್ ತೆರೆದು ಅವ್ವನ ಮುಂದೆ ಒಂದು ಚಿತ್ರ ಇಟ್ಟೆ. ಅತ್ತೆ ಬಾವಿಯ ಕಟ್ಟೆಗೆ ಒರಗಿ ನಿಂತದ್ದು. ಅವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಬಯ್ಯುತ್ತಾಳೆ ಎಂದುಕೊಂಡೆ.

“ಇದು ತಪ್ಪಾಗೇತಿ” ಎಂದಳು. “ಸೆರಗು ಬಲಕ್ಕ ಬಂದೈತಿ ನೋಡು. ಆಕಿ ಕೊಡಗಿನಾಕಿ ಏನ?”

ಫಿಲ್ಮಿಗೆ ಎರಡು ಬದಿ. ಒಂದು ಹೊಳಪು, ಇನ್ನೊಂದು ಮಂಕು. ಹೊಳಪಿನ ಬದಿ ಕ್ಯಾಮೆರಾದ ಕಡೆಗಿದ್ದರೆ ಚಿತ್ರ ಸರಿಯಾಗಿ ಬರುತ್ತದೆ, ಇಲ್ಲದಿದ್ದರೆ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲು. ಅಂಚಿನ ಅಕ್ಷರ ಓದಿ ನೋಡಿದರೆ ತಿಳಿಯುತ್ತದೆ. ನಾನು ಆ ಇಡೀ ಸುರುಳಿಯನ್ನು ಉಲ್ಟಾ ಇಟ್ಟು ತೆಗೆದಿದ್ದೆ. ತಿರುಗಿಸಿದೆ. ಸೆರಗು ಎಡ ಹೆಗಲಿಗೆ ಬಂತು.

“ಈಗ ಬರೋಬ್ಬರಿ” ಎಂದಳು ಅವ್ವ. ಆಮೇಲೆ ತಾನಾಗಿಯೇ ಮಾತಾಡಿದಳು. 1977ರಲ್ಲಿ ಅವಳು ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಅವಳೊಡನೆ ನಕ್ಕು ಮಾತಾಡುತ್ತಿದ್ದವಳು ಇವಳೊಬ್ಬಳೇ. ಅವಳಿಗೆ ಅಕ್ಷರ ಬರದ್ದು ಅಪ್ಪನಿಗೆ ಗೊತ್ತಾಗದಂತೆ ಹಿತ್ತಲಲ್ಲಿ ಕೂರಿಸಿ ಸಹಿ ಹಾಕುವುದನ್ನು ಕಲಿಸಿದವಳು ಇವಳೇ. “ಬ್ಯಾಂಕಿನ್ಯಾಗ ಸಹಿ ಮಾಡೂವಾಗೆಲ್ಲಾ ನೆನಪಾಗ್ತಾಳ” ಎಂದಳು. ನಲವತ್ತೈದು ವರ್ಷಗಳಲ್ಲಿ ಅವ್ವ ನನಗೆ ಇದನ್ನು ಹೇಳಿರಲಿಲ್ಲ. ಹೇಳಲು ಒಂದು ತಪ್ಪು ಸೆರಗು ಬೇಕಾಯಿತು.

ಬೆಳಿಗ್ಗೆ ಚಹಾ ಕುಡಿಯುವಾಗ ಅಪ್ಪನೇ ಕೇಳಿದ. “ಎಷ್ಟು ಬಂದಾವು?”

“ಎಪ್ಪತ್ತನಾಲ್ಕು. ಅತ್ತಿವು ಹತ್ತೊಂಬತ್ತು.”

ಅವನು ಬಸಿಯಲ್ಲಿದ್ದ ಚಹಾ ಮುಗಿಸಿದ. ಕತ್ತರಿ ಹಿಡಿದದ್ದು ತಾನೇ ಎಂದು ಹೇಳಿದ. ಅಜ್ಜ ಎಲ್ಲ ಫೋಟೋ ಸುಡು ಎಂದಿದ್ದನಂತೆ. ಅಜ್ಜಿಯದು, ಅಜ್ಜನ ತಾಯಿಯದು ಬೇರೆ ಫೋಟೋಗಳಿರಲಿಲ್ಲ, ಅದಕ್ಕೆ ಸುಡುವ ಬದಲು ಕತ್ತರಿಸಿದರು. ಕೆಲವು ದಿನಗಳ ಮೇಲೆ ಅಜ್ಜನಿಗೆ ಫಿಲ್ಮಿನ ನೆನಪಾಯಿತು.

ಅದು 1980ರ ಫೆಬ್ರುವರಿ. ಹದಿನಾರನೇ ತಾರೀಕು ಖಗ್ರಾಸ ಸೂರ್ಯಗ್ರಹಣ, ನೆರಳಿನ ಹಾದಿ ಕರಾವಳಿಯಿಂದ ನಮ್ಮ ಸೀಮೆಯ ಮೇಲೆ ಹಾದು ರಾಯಚೂರಿನ ಕಡೆ ಹೋಗುವುದಿತ್ತು. ಊರವರೆಲ್ಲ ಬಾಗಿಲು ಹಾಕಿಕೊಂಡು ಕೂತರು. ಅಪ್ಪ ಮಾತ್ರ ನಾಲ್ಕು ಹುಡುಗರನ್ನು ಕಟ್ಟಿಕೊಂಡು ಶಾಲೆಯ ಬಯಲಿಗೆ ಹೋದ. ಆಗ ಜನ ಹಳೇ ಎಕ್ಸ್‌ರೇ ಹಾಳೆ, ಕರಿ ಫಿಲ್ಮು ಹಿಡಿದು ಗ್ರಹಣ ನೋಡುತ್ತಿದ್ದರು. ಅದರಿಂದ ಕಣ್ಣಿಗೆ ಅಪಾಯ, ಹಾಗೆ ನೋಡಬಾರದು ಎಂಬ ತಿಳಿವಳಿಕೆ ಆಗ ಹಳ್ಳಿಯಲ್ಲಿ ಯಾರಿಗೂ ಇರಲಿಲ್ಲ.

“ಫಿಲ್ಮ್ ಎಲ್ಲಿ ಅಂತ ಕೇಳಿದ. ಗ್ರಹಣದ ದಿನ ಹುಡುಗರಿಗೆ ಹರದು ಹಂಚಿದ್ನಿ, ಉಳದಿಲ್ಲ ಅಂದೆ.”

“ನಂಬಿದನ?”

“ಗ್ರಹಣಕ್ಕ ಕೊಟ್ಟದ್ದು ಒಳಗ ತರಬಾರದು ಅಂದ. ಅಲ್ಲಿಗೆ ಮುಗೀತು.”

ನಾನು ನಕ್ಕೆ. ಅಪ್ಪನೂ ಸ್ವಲ್ಪ ನಕ್ಕ. ಜೀವಮಾನದಲ್ಲಿ ಅಜ್ಜನೆದುರು ಅವನು ಹೇಳಿದ ಒಂದೇ ಸುಳ್ಳು ಇರಬೇಕು ಅದು. ಆ ಗಳಿಗೆಯಲ್ಲಿ ಅವನ ಮೇಲೆ ನನಗೆ ಅಪಾರ ಪ್ರೀತಿ ಉಕ್ಕಿತು. ತಂಗಿಯನ್ನು ಅಟ್ಟದ ಮೇಲೆ ಬಚ್ಚಿಟ್ಟು ಕಾಪಾಡಿದ ಅಣ್ಣ ಎಂದು ಮನಸ್ಸಿನಲ್ಲೇ ಕಥೆ ಕಟ್ಟಿಕೊಂಡೆ. ಸೊಲ್ಲಾಪುರಕ್ಕೆ ಹೋಗಿ ಬರುತ್ತೇನೆ, ನೀನೂ ಬಾ ಎಂದೆ. “ನೀ ಹೋಗಿ ಬಾ” ಎಂದ.

ಒಳ್ಳೆಯ ಹತ್ತೊಂಬತ್ತು ಚಿತ್ರಗಳನ್ನು ಆರಿಂಚಿನ ಚೌಕಕ್ಕೆ ಪ್ರಿಂಟ್ ಹಾಕಿಸಿದೆ. ಆ ಸಾದಾ ಕ್ಯಾಮೆರಾದ ಚಿತ್ರಗಳು ಅಂಚಿನಲ್ಲಿ ಮಸುಕು, ನಡುವೆ ಮುಖಗಳು ಸಾಕಷ್ಟು ಸ್ಪಷ್ಟ. ಹುಬ್ಬಳ್ಳಿ ದಾಟಿ ಗದಗಿಗೆ ಹೋಗಿ, ಅಲ್ಲಿಂದ ಬಾದಾಮಿ, ಬಾಗಲಕೋಟೆ, ವಿಜಯಪುರದ ಮೇಲೆ ಹೋಗುವ ರೈಲು ಹಿಡಿದೆ. ಅತ್ತೆಯೂ 1979ರಲ್ಲಿ ಇದೇ ದಾರಿಯಲ್ಲಿ ಹೋಗಿರಬೇಕು. ಇಷ್ಟು ಹತ್ತಿರವಿತ್ತು ಸೊಲ್ಲಾಪುರ.

ಬಾಗಿಲು ತೆರೆದವಳ ಕೂದಲು ಪೂರ್ತಿ ಬೆಳ್ಳಗಿತ್ತು. ಅವಳನ್ನು ಅಷ್ಟು ದಿನ ನೆಗೆಟಿವ್‌ನಲ್ಲೇ ನೋಡಿದ್ದ ನನಗೆ ಗುರುತು ಹಿಡಿಯಲು ಕಷ್ಟವಾಗಲಿಲ್ಲ. “ಬಾರವಾ” ಎಂದು ಕೈ ಹಿಡಿದು ಒಳಗೆ ಕರೆದೊಯ್ದಳು. ಅವಳ ಗಂಡ ಮಿಲ್ಲಿನಲ್ಲಿ ಕೆಲಸ ಮಾಡಿ ನಿವೃತ್ತನಾಗಿ ತೀರಿಕೊಂಡಿದ್ದ. ಮಗ ಸೊಸೆಯ ಜೊತೆ ಇದ್ದಳು. ಮನೆಯಲ್ಲಿ ಮರಾಠಿ, ನನ್ನೊಡನೆ ನಲವತ್ತಾರು ವರ್ಷ ಹಿಂದಿನ ನಮ್ಮೂರಿನ ಕನ್ನಡ.

ಫೋಟೋಗಳನ್ನು ಅವಳ ಮಡಿಲಲ್ಲಿಟ್ಟೆ. ತನ್ನನ್ನು ತಾನು ಹುಡುಕುತ್ತಾಳೆ ಎಂದುಕೊಂಡಿದ್ದೆ. ಅವಳು ನೋಡಿದ್ದು ಅಜ್ಜಿಯನ್ನು. ಒಂದೊಂದೇ ಫೋಟೋ ಎತ್ತಿ ಅಜ್ಜಿ ಇಲ್ಲದ್ದನ್ನು ಬದಿಗಿಟ್ಟಳು. ಇದ್ದದ್ದು ನಾಲ್ಕು ಉಳಿದವು. ಅವುಗಳ ಮೇಲೆ ಬೆರಳಾಡಿಸುತ್ತ, “ಅವ್ವನ ಫೋಟೋ ನನ್ನ ಹತ್ರ ಒಂದೂ ಇರಲಿಲ್ಲ” ಎಂದಳು. “ಮುಖ ಮರತು ಹೋಗಿತ್ತು. ದನಿ ನೆನಪೈತಿ, ಮುಖ ಬರತಿರಲಿಲ್ಲ.” ಅಜ್ಜಿ ಸತ್ತದ್ದು 1988ರಲ್ಲಿ. ಇವಳಿಗೆ ಸುದ್ದಿ ಮುಟ್ಟಿದ್ದು ಎರಡು ತಿಂಗಳಾದ ಮೇಲೆ, ಸಂತೆಯಲ್ಲಿ ಸಿಕ್ಕ ಯಾರೋ ಊರವರಿಂದ.

ಒಂದು ಚಿತ್ರದಲ್ಲಿ ಅವಳೊಬ್ಬಳೇ ಕಣದಲ್ಲಿ ನಿಂತಿದ್ದಾಳೆ. ಬಿಸಿಲು ಬೆನ್ನಿಗಿದ್ದುದರಿಂದ ತೆಗೆದವನ ನೆರಳು ಉದ್ದಕ್ಕೆ ಚಾಚಿ ಅವಳ ಪಾದ ಮುಟ್ಟಿದೆ. ಎರಡು ಮೊಣಕೈ ಮಡಿಚಿ ಕಣ್ಣಿಗೆ ಕ್ಯಾಮೆರಾ ಹಿಡಿದ ನೆರಳು. “ಅಣ್ಣ” ಎಂದಳು ಅದನ್ನು ನೋಡಿ.

ನಾನು ಉತ್ಸಾಹದಿಂದ ಗ್ರಹಣದ ಕಥೆ ಹೇಳಿದೆ. ಅಜ್ಜನಿಗೆ ಸುಳ್ಳು ಹೇಳಿ ಇವನ್ನೆಲ್ಲ ಉಳಿಸಿದವನು ನಿನ್ನ ಅಣ್ಣನೇ ಎಂದೆ. ಅವಳು ಸುಮ್ಮನೆ ಕೇಳಿದಳು.

“ಇಟ್ಟಿದ್ದನ?” ಎಂದಳು. “ಇಟ್ಟು ಏನ್ ಮಾಡಿದ? ಅಪ್ಪ ಸತ್ತ ಮ್ಯಾಲೂ ಅಟ್ಟದ ಮ್ಯಾಲೇ ಇತ್ತಲ್ಲ. ಅವ್ವ ಸತ್ತಾಗ ಒಂದು ಕಾರ್ಡು ಬರಿಯಾಕ ಬರತಿರಲಿಲ್ಲ? ಮಾಸ್ತರಲ್ಲ ಅಂವ?”

ನನ್ನ ಬಳಿ ಉತ್ತರವಿರಲಿಲ್ಲ. ರೈಲಿನಲ್ಲಿ ಬರುವಾಗ ಕಟ್ಟಿಕೊಂಡು ಬಂದಿದ್ದ ಕಥೆ ಅಲ್ಲೇ ಬಿಚ್ಚಿಹೋಯಿತು. ಅವಳ ಸಿಟ್ಟು ನ್ಯಾಯವಾದದ್ದು. ನೆಗೆಟಿವ್ ಅನ್ನು ಇಡುವುದು ಸುಲಭ. ಅದು ಇದೆ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಳ್ಳಬಹುದು, ಇಲ್ಲ ಎಂದು ಮನೆಯವರಿಗೆ ಹೇಳಬಹುದು. ಬೆಳಕಿಗೆ ಹಿಡಿಯದಿದ್ದರೆ ಅದು ಎರಡಕ್ಕೂ ಒಗ್ಗುತ್ತದೆ. ಅಪ್ಪ ಹಾಗೆ ನಲವತ್ತೈದು ವರ್ಷ ಬದುಕಿದ. ಹಬ್ಬಕ್ಕೊಂದು ಕದ್ದ ಮೆಸೇಜ್ ಕಳಿಸುತ್ತ ನಾನೂ ಅದನ್ನೇ ಮಾಡಿದ್ದೆ. ಆ ಡಬ್ಬಿಯೊಳಗೆ ಹುಳಿಯುತ್ತ ಇದ್ದದ್ದು ಫಿಲ್ಮು ಮಾತ್ರ ಅಲ್ಲ.

ಊಟ ಮಾಡಿಸಿದಳು. ಜೋಳದ ರೊಟ್ಟಿ, ಹಿಟ್ಟಿನ ಪಲ್ಯ, ಶೇಂಗಾ ಹಿಂಡಿ. ಹೊರಡುವಾಗ ಒಳಗೆ ಹೋಗಿ ಟ್ರಂಕಿನಿಂದ ಒಂದು ಲಕೋಟೆ ತಂದಳು. ತೆರೆದರೆ ಅದೇ ಹುಳಿ ವಾಸನೆ. ಮೂರು ಚಿತ್ರಗಳ ಒಂದು ಪಟ್ಟಿ, ಮದುವೆ ರಿಜಿಸ್ಟರ್ ಆದ ದಿನ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಪ್ರಿಂಟು ಒಂದು ಸಲ ಮನೆಗೆ ನೀರು ನುಗ್ಗಿದಾಗ ಹೋಯಿತಂತೆ.

“ಇದನ್ನೂ ಮಾಡು” ಎಂದಳು. “ಎರಡು ಕಾಪಿ ತಗಿ. ಒಂದು ನನಗ. ಒಂದು ಅವನ ಆಲ್ಬಮ್ಮಿಗೆ ಹಚ್ಚು. ಕತ್ತರಿಸಬ್ಯಾಡ ಅಂತ ಹೇಳು.”

ಧಾರವಾಡಕ್ಕೆ ಬಂದ ಮೇಲೆ ಅಪ್ಪನಿಗೆ ಫೋನ್ ಮಾಡಿ ಅವಳು ಅಂದದ್ದನ್ನು ಅಂದ ಹಾಗೆಯೇ ಹೇಳಿದೆ. ಏನನ್ನೂ ಮೆತ್ತಗೆ ಮಾಡಲಿಲ್ಲ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಫೋನ್ ಕಟ್ಟಾಯಿತೇ ಎಂದು ನೋಡಿದೆ. ಎರಡು ದಿನದ ಮೇಲೆ, ಮುಂಗಡ ಹೇಳದೆ, ಒಬ್ಬನೇ ಬಸ್ಸು ಹತ್ತಿ ಬಂದ.

ರಾತ್ರಿ ಪ್ಯಾನೆಲ್ ಹಚ್ಚಿ, ಬಚ್ಚಲ ಸ್ಟೂಲು ಇಟ್ಟು, ಲಗ್ನಪತ್ರಿಕೆಯ ರಟ್ಟಿನ ನಡುವೆ ಅತ್ತೆಯ ಪಟ್ಟಿ ಜಾರಿಸಿದೆ. ಅಪ್ಪ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತ. ರಬ್ಬರ್ ಬುರುಡೆ ಕೈಗೆ ಕೊಟ್ಟು ಧೂಳು ಊದು ಎಂದೆ. ಮೂರು ನಾಲ್ಕು ಸಲ ಊದಿ, ಬಗ್ಗಿ ಫಿಲ್ಮಿನ ಅಂಚನ್ನು ನೋಡಿದ.

“ಉಲ್ಟಾ ಐತಿ” ಎಂದ. “ಹೊಳಪಿನ ಬದಿ ಮ್ಯಾಲ ಬರಬೇಕು.”

ತಿರುಗಿಸಿ ಇಟ್ಟೆ.